ಆನ್‌ಲೈನ್ ಅರ್ಜಿಯ ಗೋಪ್ಯತೆ ಮತ್ತು ಸರ್ವರ್‌ನ ವೇಗ: ಒಂದು ವಿಶ್ಲೇಷಣೆ

ಗುಂಡ್ಲುಪೇಟೆ ತಾಲ್ಲೂಕಿನ ಭೀಮನಬೀಡು ಗ್ರಾಮದ ರೈತರು 2000ರ ದಶಕದ ಆರಂಭದಲ್ಲಿ ಭೂಮಿ ಯೋಜನೆಯ ಗಣಕೀಕೃತ ಪಹಣಿಗಾಗಿ ತಾಲ್ಲೂಕು ಕಚೇರಿಗೆ ಹೋಗಬೇಕಾಗಿತ್ತು. ಈಗ ಜಾತಿ, ಆದಾಯ ಪ್ರಮಾಣ ಪತ್ರಗಳಿಗೆ ಮೊಬೈಲ್ ಮೂಲಕವೇ ಅರ್ಜಿ ಸಲ್ಲಿಸಬಹುದಾಗಿದೆ. ಅರ್ಜಿದಾರರ ಆಧಾರ್ ಸಂಖ್ಯೆ ಹಾಗೂ ಬ್ಯಾಂಕ್ ವಿವರಗಳು ಹಲವು ಜಾಲಗಳನ್ನು ದಾಟಿ ಸರ್ವರ್ ತಲುಪುವುದರಿಂದ, ಮಾರ್ಗಮಧ್ಯೆ ಅನ್ಯರು ಓದದಂತೆ ಅವುಗಳನ್ನು ಗೂಢಲಿಪಿಗೆ ಪರಿವರ್ತಿಸುವುದು ಅತ್ಯಗತ್ಯವಾಗಿದೆ.

ವೆಚ್ಚದ ಪ್ರಶ್ನೆ: ಹಿಂದೆ ಈ ಪರಿವರ್ತನೆಯ ಲೆಕ್ಕಾಚಾರವು ಸರ್ವರ್‌ಗೆ ಹೊರೆಯಾಗಿದ್ದು, ಅದಕ್ಕೆಂದೇ ಪ್ರತ್ಯೇಕ ಕಾರ್ಡ್ ಖರೀದಿಸಬೇಕಾಗುತ್ತಿತ್ತು. ಆದ್ದರಿಂದ ಅನೇಕ ಜಾಲತಾಣಗಳು ಲಾಗಿನ್ ಪುಟಕ್ಕೆ ಮಾತ್ರ ರಕ್ಷಣೆ ನೀಡುತ್ತಿದ್ದವು. 2001ರಲ್ಲಿ ಅಮೆರಿಕದಲ್ಲಿ ಮಾನಕವಾಗಿ ಅಂಗೀಕೃತವಾದ ಎ.ಇ.ಎಸ್. ವಿಧಾನಕ್ಕೆ ಬೇಕಾದ ಸೂಚನೆಗಳು 2010ರಿಂದ ಇಂಟೆಲ್ ಪ್ರೊಸೆಸರ್‌ಗಳಲ್ಲಿಯೇ ಅಡಕವಾಗಿವೆ. 2018ರ ಟಿ.ಎಲ್.ಎಸ್. 1.3 ಆವೃತ್ತಿಯು ಸಂಪರ್ಕ ಏರ್ಪಡಿಸಲು ಬೇಕಾದ ಸಂದೇಶ ವಿನಿಮಯವನ್ನು ಎರಡು ಸುತ್ತುಗಳಿಂದ ಒಂದಕ್ಕೆ ಇಳಿಸಿದೆ. ಆದುದರಿಂದ ವೇಗದ ಕಾರಣ ನೀಡಿ ರಕ್ಷಣೆಯನ್ನು ಕೈಬಿಡುವುದು ಇಂದು ಸಮರ್ಥನೀಯವಲ್ಲ. ಕೊನೆಯ ದಿನಾಂಕದಂದು ಪುಟ ತೆರೆಯಲು ವಿಳಂಬವಾದಲ್ಲಿ ಕಾರಣವನ್ನು ದತ್ತಾಂಶ ಕೋಶದ ಒತ್ತಡದಲ್ಲಿ ಅಥವಾ ನೆಟ್‌ವರ್ಕ್‌ನಲ್ಲಿ ಹುಡುಕುವುದು ಸೂಕ್ತ.

ಸರ್ವರ್ ಸಿದ್ಧತೆ: ಒಂದೇ ಯಂತ್ರವನ್ನು ಹಲವು ವರ್ಚುವಲ್ ಸರ್ವರ್‌ಗಳಾಗಿ ವಿಭಜಿಸಿದಾಗ, ಪ್ರೊಸೆಸರ್‌ನ ಈ ಸೌಲಭ್ಯವು ಪ್ರತಿಯೊಂದಕ್ಕೂ ಲಭ್ಯವಾಗುವಂತೆ ಹೊಂದಿಸಬೇಕು. ಇಲ್ಲವಾದಲ್ಲಿ ಯಾವ ಎಚ್ಚರಿಕೆಯೂ ಇಲ್ಲದೆ ಕೆಲಸವು ನಿಧಾನವಾದ ತಂತ್ರಾಂಶದ ಮೂಲಕ ಸಾಗುತ್ತದೆ. ಕಡಿಮೆ ಬೆಲೆಯ ಕೆಲವು ಮೊಬೈಲ್‌ಗಳಲ್ಲಿ ಎ.ಇ.ಎಸ್. ಸೌಲಭ್ಯವಿರುವುದಿಲ್ಲ, ಅಂತಹವುಗಳಿಗೆ ಚಾಚಾ20 ಎಂಬ ಹಗುರವಾದ ವಿಧಾನವನ್ನೂ ಒದಗಿಸತಕ್ಕದ್ದು. ಸರ್ವರ್‌ಗೆ ಮಾತ್ರ ಅನುಕೂಲವಾಗಿ, ಅರ್ಜಿದಾರರ ಮೊಬೈಲ್‌ಗೆ ಹೊರೆಯಾಗುವ ವ್ಯವಸ್ಥೆಯು ಪೂರ್ಣವಲ್ಲ.

ಮಿತಿಗಳು: ಗೂಢಲಿಪಿಯು ಮಾರ್ಗವನ್ನು ಮಾತ್ರ ರಕ್ಷಿಸುತ್ತದೆ. ಸೇವಾ ಕೇಂದ್ರದಲ್ಲಿ ಗಟ್ಟಿಯಾಗಿ ಹೇಳಿದ ಒಟಿಪಿಗಾಗಲಿ, ಅಲ್ಲಿಯೇ ಬಿಟ್ಟುಬಂದ ಆಧಾರ್ ಜೆರಾಕ್ಸ್ ಪ್ರತಿಗಾಗಲಿ ಅದರಿಂದ ರಕ್ಷಣೆ ದೊರೆಯದು. ನಕಲಿ ಜಾಲತಾಣವೂ ಎಚ್‌ಟಿಟಿಪಿಎಸ್ ಸಂಪರ್ಕವನ್ನು ಹೊಂದಿರಬಹುದು.

ಆದ್ದರಿಂದ ಸಾರ್ವಜನಿಕರು ವಿವರಗಳನ್ನು ನಮೂದಿಸುವ ಮೊದಲು ವಿಳಾಸವು ಎಚ್‌ಟಿಟಿಪಿಎಸ್ ಎಂದು ಆರಂಭವಾಗಿದೆಯೇ ಹಾಗೂ ಅದು ಸರ್ಕಾರದ ಅಧಿಕೃತ ವಿಳಾಸವೇ ಎಂಬ ಎರಡೂ ಅಂಶಗಳನ್ನು ಖಚಿತಪಡಿಸಿಕೊಳ್ಳಬೇಕು. ಬ್ರೌಸರ್ ಎಚ್ಚರಿಕೆ ನೀಡಿದಲ್ಲಿ ಮುಂದುವರಿಯದೆ, ಸಂಬಂಧಪಟ್ಟ ಕಚೇರಿಯ ಗಮನಕ್ಕೆ ತರುವಂತೆ ಕೋರಲಾಗಿದೆ.