ಏಪ್ರಿಲ್ 14ಕ್ಕ ಅಗ್ನಿಶಾಮಕ ಗಾಡಿ ನಮ್ಮ ಕೇರಿಗೂ ಬರಲಿ



ಏಪ್ರಿಲ್ 14 ಅಂದ್ರ ನಮಗ ಬಾಬಾಸಾಹೇಬರ ಜಯಂತಿ. ಅದೇ ದಿನ ದೇಶದಾಗ ಅಗ್ನಿಶಾಮಕ ಸೇವಾ ದಿನಾನೂ ಐತಿ. 1944ರ ಏಪ್ರಿಲ್ 14ರಂದು ಮುಂಬೈ ಬಂದರಿನಲ್ಲಿ ಮದ್ದುಗುಂಡು ಮತ್ತು ಹತ್ತಿ ಅಂಡಿಗೆ ಎರಡನ್ನೂ ತುಂಬಿಕೊಂಡಿದ್ದ ಫೋರ್ಟ್ ಸ್ಟಿಕಿನ್ ಎಂಬ ಹಡಗಿಗೆ ಬೆಂಕಿ ಬಿದ್ದು ಸ್ಫೋಟ ಆಯಿತು. ನೂರಾರು ಜನ ಸತ್ತರು. ಬೆಂಕಿ ಆರಿಸೋಕೆ ಹೋದ 66 ಅಗ್ನಿಶಾಮಕ ಸಿಬ್ಬಂದಿನೂ ಅದರಾಗ ಹೋದರು. ಆವತ್ತು ಬಾಬಾಸಾಹೇಬರಿಗೆ 53 ವರ್ಷ ತುಂಬಿದ ದಿನ. ವೈಸರಾಯ್ ಕಾರ್ಯಕಾರಿ ಮಂಡಳಿಯಲ್ಲಿ ಅವರು ಕಾರ್ಮಿಕ ಖಾತೆಯ ಸದಸ್ಯರಾಗಿದ್ದರು. ಸತ್ತ ಸಿಬ್ಬಂದಿಯ ನೆನಪಿಗೆ ಪ್ರತಿ ವರ್ಷ 14ರಿಂದ 20ರವರೆಗೆ ಅಗ್ನಿಶಾಮಕ ಸೇವಾ ಸಪ್ತಾಹ ನಡೀತದ.

ಸಪ್ತಾಹದಾಗ ಇಲಾಖೆಯವರು ಆಸ್ಪತ್ರೆ, ಕಾಲೇಜು, ಬಸ್ ನಿಲ್ದಾಣ, ಪೆಟ್ರೋಲ್ ಬಂಕ್, ಕಾರ್ಖಾನೆಗಳಿಗೆ ಹೋಗಿ ಪ್ರಾತ್ಯಕ್ಷಿಕೆ ಮಾಡ್ತಾರ. ಒಳ್ಳೇ ಕೆಲಸ. ಜೀವ ಒತ್ತೆ ಇಟ್ಟು ದುಡಿಯೋ ಆ ಸಿಬ್ಬಂದಿ ಬಗ್ಗೆ ನನಗ ಗೌರವ ಐತಿ. ಆದ್ರ ನಾನು ಕಂಡ ಮಟ್ಟಿಗೆ ಆ ಗಾಡಿ ಊರ ಮುಂದಿನ ಸರ್ಕಲ್‌ಗೆ ಬಂದು ಹಂಗೇ ತಿರುಗಿ ಹೋಗ್ತದ. ಕೇರಿಗೆ ಯಾಕ ಬರೂದಿಲ್ಲ?

'ಬೆಂಕಿಗೆ ಜಾತಿ ಇಲ್ಲ' ಅಂತಾರ. ಇಲ್ಲ, ಖರೆ. ಆದ್ರ ಓಣಿಗೆ ಐತಿ. ಅಗ್ನಿಶಾಮಕ ಗಾಡಿ ಸುಮಾರು ಎಂಟು ಅಡಿ ಅಗಲ. ನಮ್ಮ ಎಷ್ಟು ಕೇರಿಯೊಳಗ ಎತ್ತಿನ ಬಂಡಿನೂ ತಿರುಗೂದಿಲ್ಲ! ತಗಡಿನ ಶೆಡ್ಡು, ಒಂದಕ್ಕೊಂದು ಅಂಟಿದ ಗೋಡೆ, ತಲೆ ಮ್ಯಾಲ ಜೋತು ಬಿದ್ದ ಕರೆಂಟ್ ವೈರು, ಪಕ್ಕದಾಗ ಕಣಕಿ ಬಣವಿ. ಗಲಗಲಿಯಂಥ ಊರಿಗೆ ಕೃಷ್ಣಾ ಹೊಳಿ ಪಕ್ಕದಾಗೇ ಐತಿ. ಆದ್ರ ಏಪ್ರಿಲ್ ಬಿಸಿಲಿಗೆ ಬಣವಿ ಹೊತ್ತಿಕೊಂಡ್ರ ಕೊಡದಾಗ ತಂದ ನೀರಿಗೆ ಅದು ಆರೂದಿಲ್ಲ. ಇನ್ನು ಜಮಖಂಡಿ, ಮುಧೋಳ, ಬೀಳಗಿ ಕಡೆ ಕಬ್ಬು ಕಡಿಯೋಕೆ ಬರೋ ಗ್ಯಾಂಗಿನ ಜನ ನೋಡ್ರಿ. ಒಣ ರವದಿ ಹೊದಿಸಿದ ಗುಡಿಸಲು, ಅದರ ಬಾಯಾಗ ಮೂರು ಕಲ್ಲಿನ ಒಲಿ, ಒಳಗ ಮಲಗಿದ ಕೂಸು. ಅವರಿಗೆ ಯಾವ ಸಪ್ತಾಹ?

2016ರಾಗ ಉಜ್ವಲಾ ಯೋಜನೆ ಶುರು ಆಗಿ ನಮ್ಮ ತಾಯಂದಿರಿಗೂ ಗ್ಯಾಸ್ ಬಂತು. ಸಿಲಿಂಡರ್ ಬಂತು, ತಿಳಿವಳಿಕೆ ಅದರ ಹಿಂದ ಬರಲಿಲ್ಲ. ಗ್ಯಾಸು ಗಾಳಿಗಿಂತ ಭಾರ, ಸೋರಿದ್ರ ನೆಲದ ಮ್ಯಾಲೇ ನಿಲ್ತದ. ವಾಸನೆ ಬಂದ ಕೂಡಲೇ ರೆಗ್ಯುಲೇಟರ್ ಬಂದ್ ಮಾಡಿ ಬಾಗಿಲು, ಕಿಟಕಿ ತೆಗೀಬೇಕು. ಲೈಟಿನ ಸ್ವಿಚ್ ಹಾಕಲೂಬಾರದು, ಆರಿಸಲೂಬಾರದು. 1906ಕ್ಕ ಫೋನ್ ಮಾಡಬೇಕು. ಕಾದ ಎಣ್ಣೆಗೆ ಬೆಂಕಿ ಹತ್ತಿದ್ರ ನೀರು ಹಾಕಬಾರದು, ಒಲೆ ಆರಿಸಿ ಮುಚ್ಚಳ ಮುಚ್ಚಬೇಕು. ಸೀರೆಗೆ ಬೆಂಕಿ ಹತ್ತಿದ್ರ ಓಡಬಾರದು, ನೆಲಕ್ಕ ಬಿದ್ದು ಉರುಳಬೇಕು. ಸುಟ್ಟ ಗಾಯಕ್ಕ ಅರಿಶಿನ, ಪೇಸ್ಟ್ ಬೇಡ, ಇಪ್ಪತ್ತು ನಿಮಿಷ ತಣ್ಣೀರು ಬಿಡಬೇಕು. ಇಷ್ಟು ಕಲಿಸೋಕೆ ಅರ್ಧ ತಾಸು ಸಾಕು. ಆ ಅರ್ಧ ತಾಸು ನಮಗ ಸಿಗ್ತಿಲ್ಲ ಅನ್ನೋದೇ ನನ್ನ ತಕರಾರು.

ಇನ್ನೊಂದು ಮಾತು ಹೇಳಲೇಬೇಕು. ನಮ್ಮ ಜನಕ್ಕ ಬೆಂಕಿ ಅಂದ್ರ ಆಕಸ್ಮಿಕ ಅಷ್ಟೇ ಅಲ್ಲ. 2000ದ ಮಾರ್ಚ್ 11ರಂದು ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರನ್ನ ಮನೆಯೊಳಗೇ ಜೀವಂತ ಸುಟ್ಟರು. ಸಾಕ್ಷಿಗಳು ತಿರುಗಿ ಬಿದ್ದರು. 2006ರಲ್ಲಿ ಆರೋಪಿಗಳೆಲ್ಲ ಬಿಡುಗಡೆ ಆದರು, 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿ ಹಿಡಿಯಿತು. ದಲಿತರ ಮನೆ ನಾಶ ಮಾಡಬೇಕಂತ ಬೆಂಕಿ ಇಟ್ಟವರಿಗೆ ಜೀವಾವಧಿ ಶಿಕ್ಷೆ ಅಂತ ದೌರ್ಜನ್ಯ ತಡೆ ಕಾಯ್ದೆಯ 3(2)ನೇ ಕಲಮಿನೊಳಗ ಬರೆದೈತಿ. ಆದ್ರ ಕಾಯ್ದೆ ಬರೋದು ಮನೆ ಸುಟ್ಟ ಮ್ಯಾಲ. ಬೆಂಕಿ ಯಾರೇ ಹಚ್ಚಿರಲಿ, ತಾನಾಗೇ ಹತ್ತಿರಲಿ, ಮೊದಲ ಹತ್ತು ನಿಮಿಷದಾಗ ಜೀವ ಉಳಿಸೋದು ಗಾಡಿ ಬರೋ ದಾರಿ, ಕೈಗೆ ಸಿಗೋ ನೀರು, ಗೊತ್ತಿರೋ ನಾಲ್ಕು ಜನ. ಈ ಮೂರೂ ನಮ್ಮ ಹಕ್ಕು, ಯಾರ ದಯೆನೂ ಅಲ್ಲ.

ಹಂಗಾರ ಏನ್ ಮಾಡೋದು? ನಾನು ಕಚೇರಿಯೊಳಗ ಫೈಲು ನೋಡೋ ಗುಮಾಸ್ತ, ಅದಕ್ಕ ಅರ್ಜಿ ಭಾಷೆಯಾಗೇ ಹೇಳ್ತೀನಿ.

1. ಜಯಂತಿಗೆ ತಿಂಗಳು ಮೊದಲೇ ಪ್ರತಿ ಊರಿನ ಸಮಿತಿಯವರು ತಾಲ್ಲೂಕಿನ ಅಗ್ನಿಶಾಮಕ ಠಾಣಾಧಿಕಾರಿಗೆ ಅರ್ಜಿ ಕೊಡ್ರಿ: ಸಪ್ತಾಹದ ಒಂದು ಪ್ರಾತ್ಯಕ್ಷಿಕೆ ನಮ್ಮ ಕೇರಿಯೊಳಗೇ ಆಗಲಿ, ಹೆಣ್ಣುಮಕ್ಕಳು ಕೂಲಿಯಿಂದ ಬಂದ ಮ್ಯಾಲ, ಸಂಜಿಗೆ. ಬಾಯಿಮಾತಿಗೆ ಬೆಲೆ ಇಲ್ಲ, ಆವಕ ನಂಬರ್ ಹಾಕಿಸಿಕೊಂಡು ಬರ್ರಿ.

2. ಗಾಡಿ ಎಲ್ಲೀತನಕ ಬರ್ತದ, ಎಲ್ಲಿ ಸಿಕ್ಕಿಕೊಳ್ತದ ಅಂತ ಠಾಣೆಯವರನ್ನ ಕರೆದು ತೋರಿಸ್ರಿ. ಅವರ ವರದಿ ಹಚ್ಚಿ ಗ್ರಾಮಸಭೆಯಲ್ಲಿ ರಸ್ತೆ, ನೀರಿನ ಟಾಕಿ ಕೇಳ್ರಿ. 2013ರ ಎಸ್‌ಸಿಎಸ್‌ಪಿ-ಟಿಎಸ್‌ಪಿ ಕಾಯ್ದೆ ಅದಕ್ಕೇ ಐತಿ.

3. ಜೋತು ಬಿದ್ದ ವೈರಿಗೆ ಹೆಸ್ಕಾಂಗೆ ಬೇರೆ ಅರ್ಜಿ. ಫೋಟೊ ಹಚ್ಚಿ.

4. ನಮ್ಮ ಜಯಂತಿ ಪೆಂಡಾಲಿನಿಂದಲೇ ಶುರು ಮಾಡೋಣ. ಕೊಂಡಿ ಹಾಕಿದ ಕರೆಂಟ್ ಬೇಡ. ಜನರೇಟರ್ ಹತ್ತಿರ ಡೀಸೆಲ್ ಇಡಬ್ಯಾಡ್ರಿ. ಹೊರಗ ಹೋಗೋಕೆ ಎರಡು ದಾರಿ, ನಾಲ್ಕು ಬಕೆಟ್ ಉಸುಕು ಇರಲಿ. 101 ಮತ್ತು 112 ನಂಬರ್ ಬ್ಯಾನರಿನ ಮ್ಯಾಲ ದೊಡ್ಡದಾಗಿ ಬರೆಸ್ರಿ. ನಾಯಕರ ಫೋಟೊ ಒಂದೆರಡು ಕಡಿಮೆ ಆದ್ರ ಏನೂ ಆಗೂದಿಲ್ಲ.

ಈ ಸಲ ನೀಲಿ ಧ್ವಜದ ಮೆರವಣಿಗೆ ಹೊರಡೋ ಮೊದಲು ಆ ಕೆಂಪು ಗಾಡಿ ನಮ್ಮ ಕೇರಿಯೊಳಗ ನಿಂತಿರಬೇಕು. ಯಾವ ಊರಾಗ ಬಂತು, ಎಲ್ಲಿ ಬರಲಿಲ್ಲ ಅಂತ ಕೆಳಗ ಬರೀರಿ. ಬರದಿದ್ದ ಊರಿನ ಅರ್ಜಿ ಬರೆಯೋಕೆ ನಾನು ಕೂಡ್ತೀನಿ.

ಜೈಭೀಮ್.