ಠೇವಣಿದಾರನ ಗೊಣಗಾಟ: ಲಂಡನ್ನಿನಿಂದ ಪವಾಯಿವರೆಗೆ

ತೆರಿಗೆಯ ಹಣವನ್ನು ಬ್ಯಾಂಕುಗಳಿಗೆ ಸುರಿದರೆಂದು ಬ್ರಿಟನ್ನಿನವರು ಗೊಣಗುವುದುಂಟು. ಆದರೆ 2007ರ ಸೆಪ್ಟೆಂಬರಿನಲ್ಲಿ ನಾರ್ದರ್ನ್ ರಾಕ್ ಬ್ಯಾಂಕಿನೆದುರು ಸರತಿ ಸಾಲು ಬೆಳೆದಾಗ, ಅರ್ಥಸಚಿವ ಅಲಿಸ್ಟೇರ್ ಡಾರ್ಲಿಂಗ್ ಕೆಲವೇ ದಿನಗಳಲ್ಲಿ ಅದರ ಠೇವಣಿಗಳಿಗೆ ಸರಕಾರದ ಖಾತರಿ ಘೋಷಿಸಿದರು.

ನಮ್ಮ ಪವಾಯಿಯ ನೆರೆಯ ಭಾಂಡುಪಿನಲ್ಲಿ ಪ್ರಧಾನ ಕಚೇರಿಯಿದ್ದ ಪಿಎಂಸಿ ಸಹಕಾರಿ ಬ್ಯಾಂಕಿನ ಗ್ರಾಹಕರಿಗೆ 2019ರ ಸೆಪ್ಟೆಂಬರಿನಲ್ಲಿ ಮೊದಲು ದೊರೆತದ್ದು 1,000 ರೂಪಾಯಿ ಹಿಂತೆಗೆತದ ಮಿತಿ! ಎಚ್‌ಡಿಐಎಲ್ ಸಮೂಹಕ್ಕಿತ್ತ ಬೃಹತ್ ಸಾಲವು ವರ್ಷಗಟ್ಟಲೆ ಲೆಕ್ಕಪತ್ರಗಳಲ್ಲಿ ಮರೆಯಾಗಿತ್ತು. ಪರಿಶೋಧಕರ ಕಣ್ಣಿಗೆ ಬೀಳದ್ದನ್ನು ಪಾಸ್‌ಬುಕ್ ಹಿಡಿದು ನಿಂತ ಪಿಂಚಣಿದಾರನು ಕಾಣಬೇಕಿತ್ತೇ? ಬ್ಯಾಂಕ್ ಉದ್ಯೋಗಿಯಾದ ನನ್ನ ಬಳಿ ಇದಕ್ಕೆ ಉತ್ತರವಿಲ್ಲ.

2020ರಲ್ಲಿ ಠೇವಣಿ ವಿಮೆ 1 ಲಕ್ಷದಿಂದ 5 ಲಕ್ಷಕ್ಕೇರಿತು. 2022ರ ಜನವರಿಯಲ್ಲಿ ಪಿಎಂಸಿಯು ಯೂನಿಟಿ ಸ್ಮಾಲ್ ಫೈನಾನ್ಸ್ ಬ್ಯಾಂಕಿನಲ್ಲಿ ವಿಲೀನಗೊಂಡಿತು. ನಿವೃತ್ತಿಯ ಇಡಿಗಂಟನ್ನು ಅಲ್ಲಿಯೇ ಇರಿಸಿದ್ದ ದೊಡ್ಡ ಠೇವಣಿದಾರರಿಗೆ ಮಾತ್ರ 5 ಲಕ್ಷ ಮೀರಿದ ಮೊತ್ತವು 10 ವರ್ಷಗಳವರೆಗೆ ಕಂತಿನಲ್ಲಿ ಬರಬೇಕಾಗಿದೆ.