ಜೋಳಕ್ಕೊಂದು ಕಾನೂನು ಬೇಡವೇ?

ವಿಜಯಪುರ ಜಿಲ್ಲೆಯಲ್ಲಿ ಕಾಡೇ ಇಲ್ಲ, ಇನ್ನು ಜೀವವೈವಿಧ್ಯ ಎಲ್ಲಿಂದ ಬರಬೇಕು ಎಂಬ ಮಾತು ಪರಿಸರ ದಿನದ ವೇದಿಕೆಗಳಲ್ಲಿ ಮಾಮೂಲು. ಅದರ ಬೆನ್ನಿಗೇ, ಜನರ ಮೌಲ್ಯಗಳು ಬದಲಾಗಬೇಕು ಎಂಬ ಉಪದೇಶ. ಎರಡೂ ಅರ್ಧಂಬರ್ಧ ಮಾತು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿಯ ಎರಿ ಹೊಲಗಳಲ್ಲಿ ವೈವಿಧ್ಯ ಬಾಳಿದ್ದೇ ಅಕ್ಕಡಿ ಸಾಲಿನಲ್ಲಿ, ಅಂದರೆ ಮುಖ್ಯ ಬೆಳೆಯ ನಡುವೆ ಬೇರೆ ಬೆಳೆಯ ಸಾಲು ಹಾಕುವ ರೂಢಿಯಲ್ಲಿ. ಅದು ಕಡಿಮೆಯಾಗಿದ್ದರೆ ಕೆಟ್ಟದ್ದು ಸರ್ಕಾರದ ಲೆಕ್ಕ, ರೈತನ ಮನಸ್ಸಲ್ಲ.

ಒಂದು ಹಿಂಗಾರಿ ಹೊಲ ನೋಡಿ. ನಡುವೆ ಬಿಳಿಜೋಳ, ಕೆಲವು ಸಾಲಿಗೊಮ್ಮೆ ಕಡಲೆಯೋ ಅಗಸಿಯೋ, ಬದುವಿನ ಗುಂಟ ಕುಸುಬಿ. ಕುಸುಬಿಯ ಮುಳ್ಳಿಗೆ ಅಂಜಿ ದನ ಬೆಳೆಗೆ ಬಾಯಿ ಹಾಕುವುದಿಲ್ಲ. ಅದರ ಹಳದಿ ಹೂವಿಗೆ ಜೇನು ಮುತ್ತುತ್ತದೆ, ಕಾಳು ಗಾಣಕ್ಕೆ ಹೋದರೆ ಮನೆಗೆ ಎಣ್ಣೆ. ಕಡಲೆಯ ಬೇರು ನೆಲಕ್ಕೆ ಸಾರಜನಕ ಕೂಡಿಸುತ್ತದೆ. ಕಡಲೆ ಹೊಲದಲ್ಲಿ ಅಲ್ಲೊಂದು ಇಲ್ಲೊಂದು ಜೋಳದ ಗಿಡ ಎದ್ದಿದ್ದರೆ ಹಕ್ಕಿ ಅದರ ಮೇಲೆ ಕೂತು ಕಾಯಿಕೊರಕ ಹುಳುವನ್ನು ಹೆಕ್ಕುತ್ತದೆ. ಕೊನೆಗೆ ಕಣಿಕೆ ದನಕ್ಕೆ. ಬೇಲಿಗೆ, ಗೊಬ್ಬರಕ್ಕೆ, ಔಷಧಕ್ಕೆ ಇಲ್ಲಿ ಉಳಿದ ದುಡ್ಡು ಯಾವ ಲೆಕ್ಕಪುಸ್ತಕಕ್ಕೂ ಏರುವುದಿಲ್ಲ. ಕೀಟನಾಶಕದ ಡಬ್ಬಿ ಮಾರಾಟವಾದಾಗ ಮಾತ್ರ ಆದಾಯ ಬೆಳೆಯಿತು ಎಂದು ಬರೆದುಕೊಳ್ಳುವ ಅರ್ಥಶಾಸ್ತ್ರವಿದು!

ಇನ್ನು ಮೌಲ್ಯದ ಮಾತು. ಎಳ್ಳಮಾವಾಸ್ಯೆಗೆ ಸಜ್ಜಿ ರೊಟ್ಟಿ, ಪುಂಡಿಪಲ್ಯೆ, ಶೇಂಗಾ ಹೋಳಿಗೆ ಕಟ್ಟಿಕೊಂಡು ಹೊಲಕ್ಕೆ ಹೋಗಿ, ತಾವು ಉಣ್ಣುವ ಮೊದಲು ಭೂಮಿತಾಯಿಗೆ ಚರಗ ಚೆಲ್ಲುವ ಜನ ಇವರು. ಜೋಳ ಬಿಟ್ಟು ಕಬ್ಬು ಹಚ್ಚಿದವರೂ ಚರಗ ಬಿಟ್ಟಿಲ್ಲ. ಇವರಿಗೆ ಭೂಮಿಯ ಮೇಲಿನ ಪ್ರೀತಿಯನ್ನು ಯಾರು ಬಂದು ಕಲಿಸಬೇಕು?

ಆದರೆ ತಲೆಬಾಗಬೇಕಾದ ಒಂದು ಆಕ್ಷೇಪವಿದೆ. ಮಹಾರಾಷ್ಟ್ರಕ್ಕೆ ಕಬ್ಬು ಕಡಿಯಲು ಗುಳೆ ಹೋಗುತ್ತಿದ್ದ ಮನುಷ್ಯನ ಹೊಲಕ್ಕೆ ಆಲಮಟ್ಟಿಯದೋ ನಾರಾಯಣಪುರದ್ದೋ ನೀರು ಬಂದಾಗ, ಆತ ತನ್ನ ಹೊಲದಲ್ಲೇ ಕಬ್ಬು ಹಚ್ಚಿದರೆ ತಪ್ಪೇನು? ತಪ್ಪಿಲ್ಲ. ಹಕ್ಕಿಗಾಗಿ ನೀನು ಬಡವನಾಗಿಯೇ ಇರು ಎಂದು ಪೇಟೆಯಲ್ಲಿ ಕೂತು ಹೇಳುವುದು ಅನ್ಯಾಯ.

ಆತ ಕಬ್ಬಿಗೆ ಹೋಗುವುದು ಬರೀ ನೀರಿನ ಆಸೆಗಲ್ಲ, ಭರವಸೆಗೂ ಹೌದು. 2025-26ಕ್ಕೆ ಕೇಂದ್ರ ಗೊತ್ತುಮಾಡಿದ ಕಬ್ಬಿನ ದರ ಕ್ವಿಂಟಲ್‌ಗೆ 355 ರೂಪಾಯಿ. ಅದನ್ನು ಕಾರ್ಖಾನೆ 14 ದಿನದೊಳಗೆ ಕೊಡಬೇಕು, ತಡವಾದರೆ ಬಡ್ಡಿ ಸೇರಿಸಬೇಕು. ಬಾಕಿ ಉಳಿಸಿಕೊಳ್ಳುವ ಕಾರ್ಖಾನೆಗಳಿಲ್ಲವೆಂದಲ್ಲ. ಆದರೂ ಕೇಳಲು ರೈತನ ಕೈಯಲ್ಲಿ ಕಾನೂನಿದೆ. ಮಾಲ್ದಂಡಿ ಜೋಳಕ್ಕೂ ಅದೇ ವರ್ಷ 3,749 ರೂಪಾಯಿ ಬೆಂಬಲ ಬೆಲೆ ಘೋಷಣೆಯಾಗಿದೆ. ಆ ಬೆಲೆಗೆ ಕೊಳ್ಳಲೇಬೇಕೆಂದು ಯಾರನ್ನೂ ಅದು ಕಟ್ಟಿಹಾಕುವುದಿಲ್ಲ. ಖರೀದಿ ಕೇಂದ್ರ ತೆರೆದರೆ ಉಂಟು, ಇಲ್ಲದಿದ್ದರೆ ದಲಾಲಿ ಹೇಳಿದ್ದೇ ದರ.

ಜೋಳ, ಕಡಲೆ, ಕುಸುಬಿಯನ್ನು ಸರ್ಕಾರ ಪ್ರತಿ ಹಂಗಾಮಿಗೂ ತಪ್ಪದೆ ಕೊಳ್ಳಲಿ, ಶಾಲೆಗಳ ಬಿಸಿಯೂಟಕ್ಕೂ ರೇಷನ್ ಅಂಗಡಿಗೂ ಅದನ್ನೇ ಕೊಡಲಿ, ಹಣ 14 ದಿನದಲ್ಲಿ ಕೈಸೇರಲಿ. ಅಕ್ಕಡಿ ಸಾಲು ಉಳಿಯುತ್ತದೋ ಇಲ್ಲವೋ ಆಮೇಲೆ ನೋಡೋಣ. ಕಬ್ಬಿಗೆ ಈ ಕಾನೂನು ಬಂದದ್ದು 1966ರಲ್ಲಿ. ಜೋಳಕ್ಕೆ ಇನ್ನೂ ಬಂದಿಲ್ಲ.